ಶಾಹಜಾದಿಯ ಮೊದಲನೆಯ ಪಾಠ

ಕಮಲಾಪುರ, ೨೦ ಜೂನ್ ೧೯೪೯

ಇವತ್ತೂ ಶಾಲೆಯ ಗಂಟೆ ಹೊಡೆದದ್ದು ನಾನೇ. ಜವಾನ ಬಂದಿಲ್ಲ. ನಿಜಾಮರ ಕಾಲದ ಉರ್ದು ಹೋಯಿತು, ಇನ್ನು ಮೇಲೆ ಪಾಠವೆಲ್ಲ ಕನ್ನಡದಲ್ಲಿ — ಆರ್ಡರ್ ಬಂದಿದೆ. ಕುಣಿಯುವಷ್ಟು ಖುಷಿ. ಕಲಬುರ್ಗಿಯಲ್ಲಿ ಉರ್ದು ಪುಸ್ತಕವನ್ನು ಎಡಗಡೆಯಿಂದ ತೆರೆದೆನೆಂದು ಶಾಲೆಗೆ ಸೇರಿದ ದಿನವೇ ಛಡಿ ಏಟು ತಿಂದವಳು ನಾನು. ಅವತ್ತೇ ಅಂದುಕೊಂಡಿದ್ದೆ, ಟೀಚರ್ ಆದರೆ ಹೊಡೆಯಬಾರದು. ಮಗುವಿಗೆ ಮನೆಯ ಮಾತಿನಲ್ಲೇ ಕಲಿಸಬೇಕು. ಯಾರನ್ನೂ ಹಿಂದೆ ಬಿಡಬಾರದು.

೨೮ ಜೂನ್

ನಾಲ್ಕನೆಯ ಕ್ಲಾಸಿನಲ್ಲಿ ಶಾಹಜಾದಿ ಎಂಬ ಹುಡುಗಿ. ಹೋದ ವರ್ಷ ಉರ್ದುವಿನಲ್ಲಿ ಎಲ್ಲರಿಗಿಂತ ಮುಂದೆ. ಕನ್ನಡ ಗಡಗಡ ಮಾತಾಡುತ್ತಾಳೆ, ಅಕ್ಷರ ಒಂದೂ ಬಾರದು. ಮನೆಯ ಮಾತು ಎಂದು ಬರೆದೆನಲ್ಲ... ಇವಳ ಮನೆಯದು?

ಹೆಡ್‌ಮಾಸ್ತರ್ ಅಣವೀರಪ್ಪನವರನ್ನು ಕೇಳಿದೆ. "ಉರ್ದು ಮಾಸ್ತರ್ರು ಊರೇ ಬಿಟ್ಟು ಹೋಗ್ಯಾರ್ರೀ ಬಾಯಾರ. ನಾ ಏನ್ ಮಾಡ್ಲಿ? ಆರ್ಡರ್ ಅಂದ್ರ ಆರ್ಡರ್."

೧೬ ಜುಲೈ

ಮಧ್ಯಾಹ್ನದ ಬಿಡುವಿನಲ್ಲಿ ಅವಳಿಗೊಬ್ಬಳಿಗೇ ಅಕ್ಷರ ಹೇಳಿಕೊಡುತ್ತಿದ್ದೇನೆ. ಸ್ಲೇಟಿನ ಮೇಲೆ. ಕಾಗುಣಿತ ಮುಗಿಯಿತು. ಚುರುಕು ಎಂದರೆ ಚುರುಕು.

ಸಂಜೆ ಅವಳ ಮನೆಗೆ ಹೋದೆ. ಹೋದ ವರ್ಷದ ಪೊಲೀಸ್ ಆ್ಯಕ್ಷನ್ ಗಲಾಟೆಯಲ್ಲಿ ಮನೆ ಬಿಟ್ಟ ಅಪ್ಪ ತಿರುಗಿ ಬಂದಿಲ್ಲ. ತಾಯಿ ನೂರಜಹಾನ್ ಬಟ್ಟೆ ಹೊಲಿಯುತ್ತಾಳೆ. ಸೂಜಿಯಿಂದ ಕಣ್ಣೆತ್ತದೆ ಹೇಳಿದಳು, "ಸಾಲಿ ಇನ್‌ಸ್ಪೆಕ್ಟರ್ ಸಾಹೇಬ್ರು ಬಂದು ಪಾಸ್ ಅಂದ್ರ ಇಲ್ಲೇ ಇರ್ತೀವ್ರೀ. ಇಲ್ಲಂದ್ರ ಕಲಬುರ್ಗಿಗಿ, ನಮ್ಮ ಭಾಯಿ ಮನೀಗಿ. ಅಲ್ಲಿ ಸಾಲಿ-ಗೀಲಿ ಎಲ್ಲಿ ಬರ್ತದ, ಕೂಸುಗಳನ್ನ ಎತ್ಕೊಂಡಿರ್ತಾಳ."

ಪಾಸು ಮಾಡಿಸುತ್ತೇನೆ ಎಂದು ಹೇಳಿ ಬಂದೆ. ಎಷ್ಟು ಧೈರ್ಯ ನನಗೆ.

೮ ನವೆಂಬರ್

ಪುಸ್ತಕಗಳು ಈಗ ಬಂದವು. ಶುಕ್ರವಾರ ಇನ್‌ಸ್ಪೆಕ್ಟರ್ ಬರುತ್ತಾರಂತೆ, ಮೊದಲನೆಯ ಪಾಠ ಓದಿಸುತ್ತಾರಂತೆ. ನನಗೆ ಮೈ ಸುಡುವ ಜ್ವರ. ಪುಸ್ತಕ ಹಂಚಿ, ಮೊದಲನೆಯ ಪಾಠ ಮನೆಯಲ್ಲಿ ಓದಿಕೊಳ್ಳಿ ಎಂದು ಹೇಳಿ ಬಂದು ಮಲಗಿದೆ.

೧೧ ನವೆಂಬರ್, ಶುಕ್ರವಾರ

ಹೇಗೆ ಬರೆಯಲಿ.

ಜ್ವರ ಬಿಟ್ಟಿತ್ತು, ಹೋಗಿದ್ದೆ. ಶಾಹಜಾದಿಯ ಸರದಿ ಬಂತು. ಎದ್ದು ನಿಂತಳು. ಪುಸ್ತಕವನ್ನು ಉರ್ದು ಪುಸ್ತಕದ ಹಾಗೆ ಬಲಗಡೆಯಿಂದ ತೆರೆದಳು. ಓದಿದಳು — ಪುಸ್ತಕದ ಕೊನೆಯ ಪಾಠ. ತುಂಬ ಒತ್ತಕ್ಷರವಿರುವ, ಉಳಿದವರು ಯಾರೂ ಓದಲಾರದ ಪಾಠ. ಒಂದು ತಪ್ಪಿಲ್ಲ. ಅವಳ ಕಡೆಯಿಂದ ಅದೇ ಮೊದಲನೆಯದು.

ಕ್ಲಾಸೆಲ್ಲ ನಕ್ಕಿತು. ಇನ್‌ಸ್ಪೆಕ್ಟರೂ ನಕ್ಕರು.

"ಅದು ಕಡೀ ಪಾಠ ರೀ ಸಾಹೇಬ್ರ. ಬಿರಸ ಪಾಠ. ಓದ್ಯಾಳಲ್ರೀ," ಎಂದೆ.

"ಮೊದಲನೇದು ಬರಲಾರದಾಕಿಗಿ ಕಡೀದು ಹ್ಯಾಂಗ ಬರ್ತದ ಬಾಯಿ? ಬಾಯಿಪಾಠ ಮಾಡ್ಸೀರಿ."

ಬೇರೆ ಯಾವುದಾದರೂ ಕೇಳಿ ಎಂದು ಕೈಮುಗಿದೆ. ಒಂದು ಪುಟ ತೆರೆದು ಕೊಟ್ಟರು. ಅಷ್ಟರಲ್ಲಿ ಹುಡುಗಿ ಅಳುತ್ತಿದ್ದಳು. ಬಾಯಿ ಬಿಡಲಿಲ್ಲ. ಒಂದನೆಯ ಕ್ಲಾಸಿಗೆ ಹಾಕಿ ಎಂದು ಬರೆದು ಹೋದರು.

ನಾನು ಹೊಡೆಯಲಿಲ್ಲ. ಯಾರೂ ಹೊಡೆಯಲಿಲ್ಲ. ಛಡಿ ಏಟೇ ವಾಸಿಯಿತ್ತು.

೧೪ ನವೆಂಬರ್

ಶಾಹಜಾದಿಯ ಮನೆಗೆ ಬೀಗ. ಬೆಳಿಗ್ಗೆಯ ಬಸ್ಸಿಗೆ ಹೋದರಂತೆ.

ಕಲಬುರ್ಗಿ, ೪ ಡಿಸೆಂಬರ್, ಭಾನುವಾರ

ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿ ಮನೆ ಸಿಕ್ಕಿತು. ಶಾಹಜಾದಿಯ ಸೊಂಟದ ಮೇಲೆ ಮಾವನ ಕೂಸು. ನನ್ನನ್ನು ಕಂಡು ನಕ್ಕಳು. ಬೈದಿದ್ದರೆ ಚೆನ್ನಾಗಿತ್ತು.

ಇಲ್ಲಿ ಯಾವುದಾದರೂ ಶಾಲೆಗೆ ಸೇರಿಸಿ, ನಾನೇ ಬಂದು ಮಾತಾಡುತ್ತೇನೆ ಎಂದೆ. ನೂರಜಹಾನ್ ಚಹಾ ಕೊಟ್ಟಳು. "ನಿಮ್ಮ ಮ್ಯಾಲ ಸಿಟ್ಟಿಲ್ರೀ ಉಸ್ತಾನಿ. ಆದ್ರ ಸಾಲಿ ಮಾತು ಬ್ಯಾಡ," ಎಂದಳು. ಚಹಾ ಮುಗಿಸಿ ಎದ್ದೆ.

ಹೊರಡುವಾಗ ಹುಡುಗಿ ಬಾಗಿಲತನಕ ಬಂದಳು. ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, ಮೆಲ್ಲಗೆ, "ಉಸ್ತಾನೀಜಿ, ಹಿಂದ್ಲಿಂದ ಓದ್ಕೋತ ಬರಾಕತ್ತೀನ್ರೀ. ಇನ್ನ ಏಳ ಪಾಠ ಅವ. ಮೊದಲನೇದು ಬಂದ ಮ್ಯಾಲ ಸಾಹೇಬ್ರು ಇನ್ನೊಮ್ಮಿ ಕೇಳ್ತಾರೇನ್ರೀ?"

ಹ್ಞೂಂ, ಎರಡು ವಾರ ಬಿಟ್ಟು ಮತ್ತೆ ಬರುತ್ತೇನೆ ಎಂದುಬಿಟ್ಟೆ.

ಕಮಲಾಪುರ, ೫ ಡಿಸೆಂಬರ್

ಅಣವೀರಪ್ಪನವರನ್ನು ಕೇಳಿದೆ. "ಸಾಹೇಬ್ರು ಇನ್ನ ಬರೋ ವರ್ಷನೇ ಬರೋದ್ರೀ. ಹೆಸರು ಹೊಡದ ಹಾಕಿದ ಹುಡುಗೀನ ಯಾರ ಕೇಳ್ತಾರ?"

೧೭ ಡಿಸೆಂಬರ್

ನಾಳೆ ಭಾನುವಾರ. ಇಷ್ಟರಲ್ಲಿ ಮೊದಲನೆಯ ಪಾಠಕ್ಕೆ ಬಂದಿರುತ್ತಾಳೆ. ಬಾಗಿಲಲ್ಲಿ ಕಾಯುತ್ತಿರುತ್ತಾಳೆ. ಹೋಗಿ ಏನೆಂದು ಹೇಳಲಿ.