ಆಗಸ್ಟಿನಲ್ಲಿ ಬಂದ ಮೇ ತಿಂಗಳ ನೀರು

ಮಾನ್ಯ ಕೆರೆ ಅಭಿವೃದ್ಧಿ ಅಧಿಕಾರಿಗಳೇ,

ಹೋದ ತಿಂಗಳು ತಾವು ಎರಡು ಸಾರಸ ಮೊಟ್ಟೆಗಳನ್ನು ನೀರುಪಾಲು ಮಾಡಿದಿರಿ. ಬರುವ ಸೋಮವಾರ ಮೂರನೆಯದನ್ನೂ ಮಾಡಲು ಆದೇಶ ಹೊರಡಿಸಿದ್ದೀರಿ. ತಾವು ನಮ್ಮ ಕಡೆಯವರು, ನಮ್ಮ ಕನ್ನಡ ಸಂಘದಲ್ಲಿ ಶಾಲು ಹೊದೆಸಿಕೊಂಡವರು. ಆದ್ದರಿಂದ ಸಂಘದ ಪತ್ರಿಕೆಯಲ್ಲೇ, ಚಪ್ಪಾಳೆ ತಟ್ಟಿದವರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ.

ರಾಜಧಾನಿಯ ಅಂಚಿನ ಇಂದಿರಾಪುರಂನಲ್ಲಿ ನಮ್ಮ ಬಾಲ್ಕನಿಯ ಕೆಳಗಿರುವ ಜೌಗನ್ನು ತಾವು ನಕ್ಷೆಯಲ್ಲಿ ಮಾತ್ರ ನೋಡಿದ್ದೀರಿ. ಚಳಿಗಾಲದಲ್ಲಿ ಅಲ್ಲಿಗೆ ಹಿಮಾಲಯ ದಾಟಿ ಹೆಬ್ಬಾತುಗಳು ಬರುತ್ತವೆ, ಹಣೆಗೆ ಬಿಳಿ ನಾಮ ಹಾಕಿಕೊಂಡ ನಾಮದ ಕೋಳಿಗಳು ಜಗಳವಾಡುತ್ತವೆ. ಬೇಸಿಗೆಯಲ್ಲಿ ನೀರಿಂಗಿ ಕೆಸರಾದಾಗ ಕೊಕ್ಕರೆಗಳಿಗೆ ಮೀನಿನ ಹಬ್ಬ. ಮಳೆ ಬಿದ್ದ ಮೇಲೆ ಆಳೆತ್ತರದ ಒಂದು ಸಾರಸ ಜೋಡಿ ಬಂದು ಮೊಣಕಾಲುದ್ದ ನೀರಿನಲ್ಲಿ ಜೊಂಡು ಒಟ್ಟಿ ಗೂಡು ಕಟ್ಟುತ್ತದೆ. ನಮಗೆ ಮಕ್ಕಳಿಲ್ಲ. ವರ್ಷಕ್ಕೊಮ್ಮೆ ಬಾಣಂತನದ ಸಂಭ್ರಮ ನಮ್ಮ ಮನೆಗೆ ಬರುವುದು ಈ ಜೋಡಿಯಿಂದ. ನಗಬೇಕೆನಿಸಿದರೆ ನಗಿ.

ನಮ್ಮ ಯಜಮಾನರು ಬಸವಲಿಂಗಪ್ಪನವರು ಲೋಧಿ ಕಾಲೋನಿಯ ಸರ್ಕಾರಿ ವಸತಿಯಲ್ಲಿದ್ದುಕೊಂಡು ಸರ್ವೀಸಿನುದ್ದಕ್ಕೂ ಫೈಲುಗಳಿಗೆ ಟಿಪ್ಪಣಿ ಬರೆದವರು. ಅವರಿಗೆ ದುಃಖವಾದರೂ ಅರ್ಜಿಯ ರೂಪದಲ್ಲೇ ಆಗುತ್ತದೆ. ಮೇ ತಿಂಗಳಲ್ಲಿ ಕೆಸರು ಬಿರುಕು ಬಿಟ್ಟದ್ದನ್ನು ನೋಡಲಾರದೆ, ಹಕ್ಕಿಗಳಿಗೆ ನೀರು ಒದಗಿಸಬೇಕೆಂದು ತಮ್ಮ ಕಚೇರಿಗೆ ಬರೆದರು. ಅದು ಪ್ರತಿ ವರ್ಷ ಒಣಗುವುದೇ, ಸುಮ್ಮನಿರಿ ಎಂದು ನಾನು ಹೇಳಿದ್ದೆ. ಜೂನ್ ಕಳೆಯಿತು, ಜುಲೈ ಕಳೆಯಿತು, ಮಳೆ ಬಂತು, ಜೌಗು ತುಂಬಿತು, ಗೂಡಿನಲ್ಲಿ ಎರಡು ಮೊಟ್ಟೆ ಕಂಡವು. ಆಗ ತಮ್ಮ ಕಚೇರಿಗೆ ಎಚ್ಚರವಾಯಿತು. ಸುರಿಯುವ ಮಳೆಯಲ್ಲಿ ತಮ್ಮ ಜನ ಬಂದು, ತುಂಬಿದ ಜೌಗಿಗೆ ಕಾಲುವೆಯ ಗೇಟು ತೆರೆದರು. ಯಾವ ದೇಶದಲ್ಲಿ, ಮಾನ್ಯರೇ, ಮಳೆಗೆ ಕೊಡೆ ಹಿಡಿದುಕೊಂಡು ಬರಗಾಲ ಪರಿಹಾರ ಮಾಡುತ್ತಾರೆ?

ನಾನು ಓಡಿಹೋಗಿ ಗೇಟಿನವನನ್ನು ಬೇಡಿಕೊಂಡೆ. ಮೇಲಿನಿಂದ ಆರ್ಡರ್ ಇದೆ, ನೀರು ಕೇಳಿದ್ದು ನೀವೇ ಅಲ್ಲವೇ ಆಂಟೀಜೀ ಎಂದು ಅವನು ಬೀಡಿ ಹಚ್ಚಿದ. ಯಜಮಾನರು ತಮಗೆ ಫೋನ್ ಮಾಡಿದರು. ತಮ್ಮ ಮಾತು ನನಗೂ ಕೇಳಿಸಿತು: "ನೋಡಿ ಸಾರ್, ನಮ್ಮವರು ಅಂತ ನಿಮ್ಮ ಅರ್ಜಿ ಸ್ಯಾಂಕ್ಷನ್ ಮಾಡಿಸಿದೀನಿ. ಈಗ ನೀರು ಬೇಡ ಅಂದ್ರೆ ಫೈಲಿಗೆ ಏನು ಹೇಳ್ಲಿ?"

ಫೈಲಿಗೆ ಹೇಳುವುದು ಕಷ್ಟವೇ. ಹಕ್ಕಿಗಳಿಗೆ ಹೇಳುವ ಕಷ್ಟ ತಮಗಿರಲಿಲ್ಲ. ನೀರು ಏರಿದಂತೆಲ್ಲ ಅವೆರಡೂ ಜೊಂಡು ಕಿತ್ತು ಕಿತ್ತು ಗೂಡಿಗೆ ಒಟ್ಟಿದವು. ನೀರು ತಮ್ಮ ಕಚೇರಿಯದಾದರೂ ಅಂದು ಮೊದಲ ಸಲ ಚುರುಕಾಗಿತ್ತು. ಸಂಜೆಯ ಹೊತ್ತಿಗೆ ಮೊಟ್ಟೆಗಳು ತೇಲಿಹೋದವು. ಒಂದು ದಡಕ್ಕೆ ತಗುಲಿತು, ಬೀದಿನಾಯಿ ತಿಂದಿತು. ತಾಯಿಹಕ್ಕಿ ಖಾಲಿ ನೀರಿನಲ್ಲಿ ಕೊಕ್ಕು ಆಡಿಸಿ ಹುಡುಕುತ್ತಿತ್ತು. ಅದನ್ನು ನೋಡಿ ನಾನು ಅತ್ತೆ, ತಮ್ಮನ್ನು ಶಪಿಸಿದೆ. ಎರಡನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆಮೇಲೆ ತಮ್ಮ ಜವಾನ ಒಂದು ತೃಪ್ತಿ ಪತ್ರ ತಂದ. ದೂರು ಪರಿಹಾರವಾಗಿದೆ, ನಮಗೆ ತೃಪ್ತಿಯಾಗಿದೆ ಎಂದು ಸಹಿ ಬೇಕಂತೆ. ಎದುರಿಗೆ ಬಂದ ಕಾಗದವನ್ನು ಸಹಿ ಮಾಡದೆ ಎಂದೂ ಕಳಿಸದ ನಮ್ಮ ಯಜಮಾನರು ಅದನ್ನು ಹಾಗೇ ವಾಪಸು ಕಳಿಸಿದರು. ಅದರಿಂದ ತಾವು ಅರ್ಥ ಮಾಡಿಕೊಂಡದ್ದೇನು? ಅರ್ಜಿದಾರರು ತೃಪ್ತರಾಗಿಲ್ಲ, ನೀರು ಸಾಲಲಿಲ್ಲವೆಂದು ಕಂಡುಬರುತ್ತದೆ, ಸೋಮವಾರ ಎರಡನೇ ಕಂತು ಬಿಡತಕ್ಕದ್ದು! ಇಷ್ಟು ಬುದ್ಧಿಯನ್ನು ಒಂದೇ ತಲೆಯಲ್ಲಿ ಇಟ್ಟುಕೊಂಡು ತಾವು ನಿದ್ದೆ ಹೇಗೆ ಮಾಡುತ್ತೀರಿ? ಅಷ್ಟರಲ್ಲಿ ಆ ಜೋಡಿ ಮತ್ತೆ ಗೂಡು ಕಟ್ಟಿದೆ. ಈ ಸಲ ಒಂದೇ ಮೊಟ್ಟೆ.

ಆದ್ದರಿಂದ ತೃಪ್ತಿ ಪತ್ರವನ್ನು ನಾವೇ ತರಿಸಿಕೊಂಡು ತುಂಬಿ, ಈ ಪತ್ರದ ಪ್ರತಿಯೊಂದಿಗೆ ತಮ್ಮ ಕಚೇರಿಗೆ ಕಳಿಸಿದ್ದೇವೆ. ತಮ್ಮ ಕೆಲಸದಿಂದ ನಮಗೆ ಸಂಪೂರ್ಣ ತೃಪ್ತಿಯಾಗಿದೆ. ಫೈಲು ಮುಚ್ಚಿ. ಸೋಮವಾರ ಗೇಟು ತೆರೆಯಬೇಡಿ. ಮರಿ ಹೊರಬಂದು ನಡೆಯುವವರೆಗೆ ನಮಗೆ ಯಾವ ಉಪಕಾರವನ್ನೂ ಮಾಡಬೇಡಿ. ನಿನ್ನೆ ಸಹಿ ಹಾಕಿದ ಮೇಲೆ ಯಜಮಾನರು ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕಲಿಲ್ಲ. "ಕೊಂದವರಿಗೇ ಥ್ಯಾಂಕ್ಸ್ ಬರೆದುಕೊಟ್ಟೆನಲ್ಲ, ರತ್ನಾ" ಎಂದರು.

ಇಂತಿ,
ತಮ್ಮ ಸೇವೆಯಿಂದ ತೃಪ್ತಳಾಗಲೇಬೇಕಾದ
ರತ್ನಾ ಬಸವಲಿಂಗಪ್ಪ
ಇಂದಿರಾಪುರಂ, ಸೆಪ್ಟೆಂಬರ್ 2006