ಇಪ್ಪತ್ತು ಹೆಜ್ಜೆ, ಒಂದು ಕಾರು

ಮಾರ್ಚ್ 3, ಬೆಳಿಗ್ಗೆ 7.20

ಬೆರಳು ಮಡಚಿದೆ, ಬಿಚ್ಚಿದೆ. ಹತ್ತೂ ಹಾಜರು. ಮಂಡಿ ಮಾತ್ರ ಗೊಣಗುತ್ತಿದೆ — ಗೊಣಗಲಿ. ಲೆನ್ಸಿನ ಪೆಟ್ಟಿಗೆ ಕಾರಲ್ಲಿಡು ಎಂದರೆ ಅಕ್ಕ, "ನಾನೇನು ನಿನ್ನ ಕೂಲಿಯವಳಾ?" ಎನ್ನುತ್ತಲೇ ಇಟ್ಟು ಬಂದಳು. ಹನ್ನೆರಡು ವರ್ಷದಿಂದ ಅದೇ ಡೈಲಾಗು.

ಇವತ್ತು ಮೂರು ಮನೆ. ಅಂಗಡಿಗೆ ಬರಲಾರದವರ ಮನೆಗೆ ನಾನೇ ಹೋಗಿ ಕಣ್ಣು ನೋಡಿ ಕನ್ನಡಕ ಕೊಡಬೇಕು. ನಡೆಯಲಾರದವರ ಮನೆಗೆ ಈ ಕೀಲುವಾತದವಳ ಸವಾರಿ! ಎಲ್ಲ ನೀಲಿ ಕಾರಿನ ದಯೆ. ಬ್ರೇಕು, ಆಕ್ಸಿಲರೇಟರು ಎರಡೂ ಕೈಯಲ್ಲೇ, ಅಂಗೈಯಿಂದ ಒತ್ತಿದರೆ ಸಾಕು. ಅಂಗವಿಕಲರಿಗೆಂದು ಸರ್ಕಾರ ರಿಯಾಯಿತಿ ಬಾಡಿಗೆಗೆ ಕೊಟ್ಟದ್ದು.

ಮಾರ್ಚ್ 4, ಸಂಜೆ

ಮೇಷ್ಟ್ರ ಮನೆ. ರಿಟೈರಾದ ಗಣಿತದ ಮೇಷ್ಟ್ರು. ಮೂಗಿನ ಮೇಲೆ ಪರೀಕ್ಷೆಯ ಫ್ರೇಮಿಟ್ಟು ಒಂದೊಂದೇ ಲೆನ್ಸು ಬದಲಿಸುತ್ತಿದ್ದೆ. ಅವರೋ, ಪೇಪರಿನ ಚರ್ಚೆ ಬಿಡಲೊಲ್ಲರು.

"ಅಂಗವಿಕಲರ ಹೆಸರಲ್ಲಿ ಹೊಸ ಹೊಸ ಕಾರು ಕಣಮ್ಮ! ಎಲ್ಲ ನಮ್ಮ ತೆರಿಗೆ!"

"ಕೆಳಗಿನ ಸಾಲು ಓದಿ ಮೇಷ್ಟ್ರೇ."

"ರ... ಗ... ನಿಜವಾಗ್ಲೂ ಕಾಲಿಲ್ಲದೋರಿಗೆ ಕೊಡ್ಲಿ, ಬೇಡ ಅನ್ನಲ್ಲ. ಓಡಾಡೋರಿಗೆ ಯಾಕೆ? ...ಠ."

ಲೆನ್ಸು ಸರಿಹೋಯಿತು. ಕಿಟಕಿಯಾಚೆ ನೋಡಿದರು. "ಆಹಾ! ಯಾರದಮ್ಮ ಆ ನೀಲಿ ಕಾರು? ಜೋರಾಗಿದೆ."

"ನಂದೇ. ನಿಮ್ಮ ತೆರಿಗೇದು."

ಆ ಮುಖ ನೋಡಬೇಕಿತ್ತು! ಕೆಮ್ಮಿದರು, ಫ್ರೇಮು ತೆಗೆದರು, ಮತ್ತೆ ಹಾಕಿಕೊಂಡರು. "ನಿನ್ನ ವಿಷಯ ಬೇರೆ ಬಿಡಮ್ಮ."

ನನ್ನನ್ನು ಬಲ್ಲವರೆಲ್ಲ ಹೀಗೇ ಹೇಳುತ್ತಾರೆ. ಕಾರು ಸಿಕ್ಕ ಪ್ರತಿಯೊಬ್ಬರನ್ನೂ ಬಲ್ಲವರು ಯಾರೋ ಇರುತ್ತಾರಲ್ಲ, ಹಾಗಾದರೆ ಕಳ್ಳರು ಯಾರು? ಬಾಯಿ ತುದಿಗೆ ಬಂದಿತ್ತು. ನುಂಗಿಕೊಂಡೆ. ಕನ್ನಡಕ ಮಾರಬೇಕಲ್ಲ.

ಮಾರ್ಚ್ 9

ಕಾಗದ ಬಂದಿದೆ. ಪೇಪರಿನ ಬಿಸಿ ಸರ್ಕಾರಕ್ಕೂ ತಟ್ಟಿತು. ಕಾರು ಪಡೆದವರಿಗೆಲ್ಲ ಮರುಪರೀಕ್ಷೆ. ಊರುಗೋಲಿಲ್ಲದೆ ಇಪ್ಪತ್ತು ಹೆಜ್ಜೆ ನಡೆದರೆ ಕಾರಿಲ್ಲ. ನಾಡಿದ್ದೇ ಮನೆಗೆ ಬರುತ್ತಾರಂತೆ. ಕಾರು ಹೋದರೆ ಕೆಲಸವೂ ಹೋಯಿತು, ಅಷ್ಟೇ.

ಅಕ್ಕ ಸಂಜೆಯೆಲ್ಲ ರಿಹರ್ಸಲ್ ಮಾಡಿಸಿದಳು. "ನರಳು ನೋಡೋಣ." ನರಳಿದೆ. "ಥೂ, ಇದು ಹೊಟ್ಟೆನೋವು ಕಣೇ! ಮಂಡಿನೋವು ನರಳು!" ಇಬ್ಬರೂ ನಕ್ಕು ನಕ್ಕು ಸುಸ್ತು. ನರಳುವುದು ನನ್ನ ಕೈಲಾಗದು. ಚಿಕ್ಕಂದಿನಿಂದ ಮಾಡಿದ್ದೆಲ್ಲ ಅದರ ಉಲ್ಟಾ — ಯಾರಾದರೂ ಬಂದರೆ ಬೆನ್ನು ನೆಟ್ಟಗೆ, ಮುಖದ ತುಂಬ ನಗು.

ಮಾರ್ಚ್ 11, ಮಧ್ಯಾಹ್ನ

ಎಲ್ಲಾ ಎಕ್ಕುಟ್ಟಿಹೋಯಿತು.

ಬೆಲ್ ಆದಾಗ ಅಕ್ಕ ಬಚ್ಚಲಲ್ಲಿ. ಕೋಲು ಸೋಫಾದ ಹಿಂದೆ. ಕೈ ಮಂಡಿ ಎರಡೂ ಇವತ್ತೇ ಚೆನ್ನಾಗಿರಬೇಕೇ! ನೆಂಟರು ಬಂದಂತೆ ಎದ್ದೆ. ಬಾಗಿಲು ತೆಗೆದೆ. ಅಡುಗೆಮನೆಗೆ ಹೋದೆ, ಟೀ ತಂದೆ. "ಸಕ್ಕರೆ ಸಾಕಾ?" ಎಂದೂ ಕೇಳಿದೆ! ಬೆಣ್ಣೆಮೋರೆಯ ಪರಿಶೀಲಕಿ ಟೀ ಮುಗಿಸಿ, ಟಿಕ್ ಹಾಕಿ, ಮೆತ್ತಗೆ ಹೇಳಿದಳು: "ಇಪ್ಪತ್ತಾರು ಹೆಜ್ಜೆ ಆಯ್ತಲ್ಲ ಮೇಡಂ."

ಅಕ್ಕ ತಲೆಗೆ ಟವೆಲು ಸುತ್ತಿಕೊಂಡೇ ಓಡಿ ಬಂದಳು. ಪರಿಶೀಲಕಿ ಗೇಟು ದಾಟಿಯಾಗಿತ್ತು. "ನಿನ್ನ ಉಪಚಾರಕ್ಕಿಷ್ಟು ಬೆಂಕಿ ಹಾಕ!"

ಮಾರ್ಚ್ 17

ತಿಂಗಳ ಕೊನೆಗೆ... ಅಲ್ಲ, ಬರುವ ತಿಂಗಳ ಕೊನೆಗೆ ಕಾರು ವಾಪಸು ಕೊಡಬೇಕಂತೆ. ಮೇಲ್ಮನವಿಗೆ ಅವಕಾಶವಿದೆ. "ನಿತ್ಯದ ತೊಂದರೆಗೆ ದಾಖಲೆ" ಬೇಕು. ಕಾರಿನೊಳಗೆ ಕೂತು ಅತ್ತೆ. ಅಲ್ಲಿ ಕೂತರೆ ಅಕ್ಕನಿಗೆ ಕೇಳಿಸುವುದಿಲ್ಲ.

ಮಾರ್ಚ್ 18

ಕೇಳಿಸಿತ್ತಂತೆ. ದಾಖಲೆ ಹುಡುಕುತ್ತೇನೆಂದು ಈ ಡೈರಿಯನ್ನೇ ತೆಗೆದುಬಿಟ್ಟಿದ್ದಾಳೆ, ಮಹಾತಾಯಿ! ಬೈಯಲು ಬಾಯಿ ತೆರೆದೆ. ಅವಳೇ ಮೊದಲು ಬೈದಳು.

"ಏನೇ ಇದು? ಬರೀ ನಗುನೇ! ಒಂದು ದಿನಾನಾದ್ರೂ ನೋವು ಅಂತ ಬರ್ದಿದೀಯಾ?"

"ನೋವಿದ್ದ ದಿನ ಪೆನ್ನು ಹಿಡಿಯೋಕಾಗುತ್ತೇನೇ?"

ಅವಳು ಹಾಳೆ ತಿರುವತೊಡಗಿದಳು, ಖಾಲಿ ಹಾಳೆಗಳನ್ನು ಮಾತ್ರ. ಅದು, ಅದರ ಮುಂದಿನದು, ಅದರ ಮುಂದಿನದು. ಪ್ರತಿಯೊಂದರ ನೆನಪೂ ಅವಳಿಗಿತ್ತು. "ಇವತ್ತು ನಾನು ನಿಂಗೆ ತಲೆ ಬಾಚಿದ್ದು... ಇವತ್ತು ಚಮಚದಲ್ಲಿ ತಿನ್ಸಿದ್ದು..." ಮೂಗು ಒರೆಸಿಕೊಂಡಳು.

ಆದರೆ ಇದನ್ನು ಕೊಡುವುದೇ? ಯಾರಿಗೂ ಅಂತ ಬರೆದದ್ದಲ್ಲ. ಅಕ್ಕನ ಗೊರಕೆಯೂ ಇದೆ ಇದರಲ್ಲಿ.

ಮಾರ್ಚ್ 26

ಮೇಷ್ಟ್ರ ಫೋನು. ಕನ್ನಡಕ ಎಲ್ಲಿ ಎಂದು ಗದರಿದರು. ಕೈ ಬಂದ್ ಆಗಿತ್ತು, ಏಳು ದಿನ ಮಲಗಿದ್ದೆ ಎಂದೆ. ಕಾರಿನ ಕತೆಯನ್ನೂ ಹೇಳಿದೆ.

"ಹಾಗಾದ್ರೆ ಜನವರಿ ಇಪ್ಪತ್ತೆರಡು? ಫೆಬ್ರವರಿ ಎಂಟು? ಹತ್ತೊಂಬತ್ತು?"

"ಅದೆಲ್ಲ ನಿಮಗೆ ಹೇಗೆ ನೆನಪು?"

"ನೀನು ಬರ್ತೀನಂತ ಹೇಳಿ ಬರದ ದಿನಗಳು. ಕ್ಯಾಲೆಂಡರಲ್ಲಿ ಕೆಂಪು ಇಂಕಲ್ಲಿ ಬರ್ದಿಟ್ಟಿದೀನಿ. ಬೈಯೋಕೆ."

ಡೈರಿ ತೆಗೆದು ನೋಡಿದೆ. ಮೂರೂ ಖಾಲಿ.

ಏಪ್ರಿಲ್ 2, ಸಂಜೆ

ಅಕ್ಕ ಹಾಕಿಸಿದ ಮೇಲ್ಮನವಿಯ ವಿಚಾರಣೆ. ಮೇಜಿನಾಚೆ ಮೂವರು, ಪಕ್ಕದಲ್ಲಿ ಬೆಣ್ಣೆಮೋರೆ. ಬೇರೆ ದಾಖಲೆಯಿಲ್ಲ, ಡೈರಿಯನ್ನೇ ಕೊಟ್ಟೆ. ಅಧ್ಯಕ್ಷೆ ಗಟ್ಟಿಯಾಗಿ ಓದುತ್ತಾರೆಂದು ಯಾರಿಗೆ ಗೊತ್ತಿತ್ತು! ಮಾರ್ಚ್ ಹನ್ನೊಂದಕ್ಕೆ ಬಂದರು. ನೆಲ ಬಾಯಿಬಿಡಬಾರದೇ ಎನಿಸಿತು. "ಬೆಣ್ಣೆಮೋರೆಯ ಪರಿಶೀಲಕಿ..." ಆಕೆ ಕೆನ್ನೆ ಮುಟ್ಟಿ ನೋಡಿಕೊಂಡಳು, ನಕ್ಕೂ ಬಿಟ್ಟಳು. "ಟೀ ಮಾತ್ರ ಚೆನ್ನಾಗಿತ್ತು ಮೇಡಂ." ನನ್ನ ಮರ್ಯಾದೆ ಮೂರಾಬಟ್ಟೆ.

ಆಮೇಲೆ ಖಾಲಿ ಹಾಳೆ ಎಣಿಸಿದರು. ವರ್ಷದ ಮೊದಲಿಂದ ಐವತ್ತೊಂದು.

ಸಾಕ್ಷಿ ಹೇಳಲೆಂದು ಆಟೋದಲ್ಲಿ ಬಂದಿದ್ದ ಮೇಷ್ಟ್ರು ಕ್ಯಾಲೆಂಡರು ಬಿಚ್ಚಿದರು. "ಈ ಯೋಜನೆ ಬಗ್ಗೆ ನನ್ನ ಅಭಿಪ್ರಾಯ ಏನೂ ಬದಲಾಗಿಲ್ಲ," ಎಂದೇ ಶುರು! ಅಕ್ಕ ನನ್ನ ತೊಡೆ ಚಿವುಟಿದಳು. "ಆದ್ರೆ ಲೆಕ್ಕ ತಪ್ಪಾದ್ರೆ ನಾನು ಸಹಿಸಲ್ಲ. ಒಂದು ದಿನ ನೋಡಿ ಇಡೀ ವರ್ಷದ ಉತ್ತರ ಬರೆಯೋದು ಯಾವ ಗಣಿತ? ನನ್ನ ಕ್ಲಾಸಲ್ಲಾಗಿದ್ರೆ ಸೊನ್ನೆ ಹಾಕ್ತಿದ್ದೆ."

ವಾಪಸು ಬರುವಾಗ ಅವರನ್ನು ಕಾರಲ್ಲೇ ಬಿಟ್ಟೆ. ಸೀಟು ತಟ್ಟಿ ನೋಡಿದರು. "ಮೆತ್ತಗಿದೆ. ನಮ್ಮ ತೆರಿಗೆ ಅಲ್ವೇ!"

ಏಪ್ರಿಲ್ 9, ಬೆಳಿಗ್ಗೆ

ಕಾರು ಉಳಿಯಿತು! ಉಳಿಯಿತು, ಉಳಿಯಿತು. ಅಕ್ಕ ಬೀದಿಯಲ್ಲೇ ಕಾರಿನ ಬಾನೆಟ್ಟಿಗೆ ಮುತ್ತು ಕೊಟ್ಟಳು. ಎದುರು ಮನೆಯವರು ನೋಡಿದರು. ನೋಡಲಿ.

ಅವಳದೊಂದೇ ಷರತ್ತು. "ಇನ್ಮೇಲೆ ಕೆಟ್ಟ ದಿನಾನೂ ಬರಿ. ಆಗದಿದ್ರೆ ಒಂದು ಗೀಟಾದ್ರೂ ಎಳಿ. ಯಾರಿಗೂ ತೋರ್ಸೋಕಲ್ಲ. ನಿಂಗೆ."

ಏಪ್ರಿಲ್ 12

ಕೆಟ್ಟ ದಿನ. ಅಕ್ಕ ಪೆನ್ನಿಗೆ ಬಟ್ಟೆ ಸುತ್ತಿ ಕೊಟ್ಟಳು. ನೋಯುತ್ತದೆ. ಬರೆದೆ ನೋಡು — ನೋಯುತ್ತದೆ. ಕಿಟಕಿಯಲ್ಲಿ ಕಾರು ಕಾಣುತ್ತಿದೆ. ಕೈ ಸರಿಹೋದ ದಿನ ಮೇಷ್ಟ್ರ ಎಡಗಣ್ಣು ಇನ್ನೊಮ್ಮೆ ನೋಡಬೇಕು. ಬೆರಳು ಸಾಕೆನ್ನುತ್ತಿದೆ, ಉಳಿದದ್ದು ಗೀಟು —