ಗಾರ್ಡ್ ಸಾಹೇಬರ ಹನ್ನೊಂದು ವ್ಯಾಗನ್ನುಗಳು

ಅಕ್ಟೋಬರ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಮೇಣಮ್ಮ,

ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಎರಡು ಕಾಗದ ಬಂದವು, ಯಾಕೆಂದು ಹೇಳದೆ ನಾನು ಕೇಳಿದ್ದ ಡ್ರಿಲ್ ಸೂಜಿಗಳ ಪೊಟ್ಟಣವೂ ಬಂತು. ಮೂರಕ್ಕೂ ಸೇರಿಸಿ ಈಗ ಉತ್ತರ ಬರೆಯುತ್ತಿದ್ದೇನೆ, ಅದೂ ಎರಡು ತಿಂಗಳು ತಡವಾಗಿ. ಹಲ್ಲಿನ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ನೀನು ಮೇಣದಲ್ಲಿ ಜೋಡಿಸಿದ ಹಲ್ಲಿನ ಸೆಟ್ಟನ್ನು ನಾನು ಉಜ್ಜಿ ಹೊಳಪು ಕೊಡುತ್ತಿದ್ದೆ. ನನ್ನ ಮಾತಿನಲ್ಲಿ ಯಾವುದು ನೆಪ, ಯಾವುದು ನಿಜ ಎಂದು ನಿನಗೆ ಹೇಳಿಕೊಡಬೇಕಾಗಿಲ್ಲ. ಆದರೂ ಹೇಳುತ್ತೇನೆ, ಕೆಲಸ ಇತ್ತು.

ಮಂಡಿ ಆಪರೇಷನ್ ಆದ ಮೇಲೆ ಮಹಡಿ ಮೆಟ್ಟಿಲು ಹತ್ತುತ್ತಿದ್ದೀಯಂತೆ. ಡಾಕ್ಟರು ಹೇಳಿದಷ್ಟೇ ಹತ್ತು. ಹತ್ತು ಅಂದರೆ ಇಪ್ಪತ್ತು ಮಾಡುವ ನಿನ್ನ ಬುದ್ಧಿ ನನಗೆ ಗೊತ್ತು. ಮೊಮ್ಮಗಳಿಗೆ ಮೊದಲ ಹಲ್ಲು ಬಂತು ಎಂದು ಬರೆದಿದ್ದೆ. ನಾವು ಕಟ್ಟದೆ ಬಂದ ಹಲ್ಲು, ಜೋಪಾನ.

‘ನಿನ್ನ ಗಾರ್ಡ್ ಸಾಹೇಬರು ಹೇಗಿದ್ದಾರೆ’ ಎಂದು ಎರಡು ಕಾಗದದಲ್ಲೂ ಕೇಳಿದ್ದೀಯ. ನಮ್ಮ ಯಜಮಾನರ ಮೈ ಚೆನ್ನಾಗಿದೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ನೆನಪು ಮಾತ್ರ ಡಾಕ್ಟರು ಹೇಳಿದ ಹಾಗೆ ಒಂದೊಂದೇ ಮೆಟ್ಟಿಲು ಇಳಿಯುತ್ತಿದೆ. ಕ್ಷೌರದಂಗಡಿಯಿಂದ ಮನೆಗೆ ಬರುವ ದಾರಿ ತಪ್ಪಿದ್ದನ್ನು ಹೋದ ವರ್ಷ ಬರೆದಿದ್ದೆನಲ್ಲ, ಈಗ ಹೊರಗೆ ಒಬ್ಬರನ್ನೇ ಬಿಡುವುದಿಲ್ಲ. ಮೆಟ್ಟಿಲ ಪಕ್ಕದ ಕೋಣೆಯಲ್ಲೇ ಅವರ ಹಗಲೆಲ್ಲ.

ಆ ಕೋಣೆ ನೀನು ನೋಡಿದ್ದೀಯ, ಬಾಗಿಲಿನಿಂದ. ನಾನೂ ನೋಡಿದ್ದು ಬಾಗಿಲಿನಿಂದಲೇ. ಮೂವತ್ತೊಂದು ವರ್ಷ ಗೂಡ್ಸ್ ಗಾಡಿಯ ಹಿಂದೆ ಓಡಿದ ಮನುಷ್ಯ, ರಿಟೈರ್ ಆದ ಮೇಲೆ ಪ್ಲೈವುಡ್ ಹಲಗೆ ಜೋಡಿಸಿ, ಅದರ ಮೇಲೆ ಹಳಿ ಹಾಸಿ, ಒಂದು ಸಣ್ಣ ಸ್ಟೇಷನ್ನು, ಒಂದು ಯಾರ್ಡು ಮಾಡಿಕೊಂಡರು. ನಿಜದ ಗಾಡಿಯ ಎಂಬತ್ತೇಳರಲ್ಲಿ ಒಂದು ಪಾಲು. ‘ಆಟದ ಸಾಮಾನಿಗೆ ಒಂದು ಕೋಣೆ ಬೇಕಾ’ ಎಂದು ನಾನು ಒಮ್ಮೆ ಅಂದದ್ದುಂಟು. ಆಮೇಲೆ ಹನ್ನೆರಡು ವರ್ಷ ನಾನು ಹೊಸ್ತಿಲಲ್ಲಿ ನಿಂತು ‘ಊಟ’ ಅನ್ನುತ್ತಿದ್ದೆ, ಅವರು ‘ಬಂದೆ’ ಅನ್ನುತ್ತಿದ್ದರು. ಅಷ್ಟಕ್ಕೆ ಮುಗಿಯುತ್ತಿತ್ತು.

ಜುಲೈಯಲ್ಲಿ ಒಂದು ಬೆಳಿಗ್ಗೆ ಆ ಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅವರು ನಿಂತಿದ್ದರು, ಅಂಗೈಯಲ್ಲಿ ಗಾರ್ಡಿನ ಡಬ್ಬಿ. ಗೂಡ್ಸ್ ಗಾಡಿಯ ಕೊನೆಯಲ್ಲಿರುತ್ತದಲ್ಲ, ಅವರು ಮೂವತ್ತೊಂದು ವರ್ಷ ಕೂತ ಡಬ್ಬಿಯ ಮಾದರಿ. ಕಾಲಿಡುವ ಮೆಟ್ಟಿಲು ಮುರಿದು ಹೋಗಿತ್ತು, ಬಾಗಿಲ ಪಕ್ಕದ ಹಿಡಿಕಂಬಿ ಇರಲಿಲ್ಲ. ‘ಡ್ಯೂಟಿಗೆ ಹೇಗೆ ಹೋಗೋದು’ ಎಂದು ಕೇಳಿದರು. ಆಮೇಲೆ ಎರಡು ದಿನ ತಟ್ಟೆ ಮುಟ್ಟಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತರು. ಬೇಡಿಕೊಂಡೆ, ಗದರಿದೆ. ಗೋಡೆಗೆ ಹೇಳಿದ ಹಾಗಾಯಿತು.

ಮೂರನೆಯ ದಿನ ನಾನು ಅಟ್ಟದಿಂದ ನನ್ನ ಹಳೆಯ ಪೆಟ್ಟಿಗೆ ಇಳಿಸಿದೆ. ಮೇಣದ ಚಾಕು, ಚಿಮಟ, ಕೈಯಲ್ಲಿ ತಿರುಗಿಸುವ ಡ್ರಿಲ್ಲು, ಎಲ್ಲಾ ಇಟ್ಟ ಹಾಗೇ ಇದ್ದವು. ಕಟ್ಟುವ ಹಲ್ಲಿನ ಒಸಡಿಗೆ ಹಾಕುವ ಗುಲಾಬಿ ಬಣ್ಣದ ಪುಡಿಯೂ ಅರ್ಧ ಡಬ್ಬಿ ಇತ್ತು. ಅದನ್ನೇ ಕಲಸಿ ಮೆಟ್ಟಿಲಿನ ಅಚ್ಚು ತೆಗೆದೆ, ಉಜ್ಜಿ ಕೂರಿಸಿದೆ. ಹಲ್ಲಿನ ಸೆಟ್ಟಿನ ಕೊಂಡಿಗೆ ಬಳಸುವ ತಂತಿಯಲ್ಲಿ ಹಿಡಿಕಂಬಿ ಬಗ್ಗಿಸಿದೆ. ಗೂಡ್ಸ್ ಗಾಡಿಗೆ ಒಸಡು ಬಂದ ಹಾಗಿತ್ತು. ನೀನಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಅವರು ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದರು.

‘ಯಾರು ಮಾಡಿದ್ದು?’

‘ನಾನು.’

‘ಕೈ ಚೆನ್ನಾಗಿದೆ. ಬಣ್ಣ ತಪ್ಪು. ಕಂಬಿ ಒಂದು ಚೂರು ಕೆಳಗೆ ಬರಬೇಕು. ಗಾರ್ಡು ಬಗ್ಗಿ ಬಾವುಟ ತೋರಿಸ್ತಾನಲ್ಲ, ಆಗ ಹಿಡ್ಕೊಳ್ಳೋದು ಅದನ್ನೇ. ಎದೆ ಮಟ್ಟದಲ್ಲಿರಲಿ.’

ಅವತ್ತು ಊಟ ಮಾಡಿದರು. ಮಾರನೆಯ ದಿನ ಒಂದು ಚೀಟಿ ಕೊಟ್ಟರು. ಡ್ಯೂಟಿಯ ಕಾಲದ ಅದೇ ದುಂಡನೆಯ ಅಕ್ಷರದಲ್ಲಿ ಹನ್ನೊಂದು ವ್ಯಾಗನ್ನಿನ ಹೆಸರು, ಪ್ರತಿಯೊಂದರ ಮುಂದೆ ಏನೇನು ಆಗಬೇಕು ಎಂದು. ನೋಡು, ನಿನ್ನೆ ಮಧ್ಯಾಹ್ನ ತಿಂದದ್ದು ನೆನಪಿಲ್ಲದವರಿಗೆ ಯಾವ ವ್ಯಾಗನ್ನಿನ ಬ್ರೇಕಿನ ಚಕ್ರ ಯಾವ ಬದಿಗಿತ್ತು ಎಂಬುದು ನೆನಪಿದೆ.

ಅಲ್ಲಿಂದ ನನ್ನ ನೌಕರಿ ಮತ್ತೆ ಶುರುವಾಯಿತು. ದಿನಾ ಹತ್ತು ಗಂಟೆಗೆ ಆ ಕೋಣೆಗೆ ಹೋಗುತ್ತೇನೆ, ಮಧ್ಯಾಹ್ನ ಒಂದು ಗಂಟೆಯವರೆಗೆ ಕೂರುತ್ತೇನೆ. ಅಂಗಡಿಯಲ್ಲಿ ಸಿಗುವ ವ್ಯಾಗನ್ನಿಗೆ ಕಂಬಿ, ಕೊಕ್ಕೆ, ಮೆಟ್ಟಿಲು ಎಲ್ಲಾ ಮೈಗೇ ಅಂಟಿಕೊಂಡು ಎರಕವಾಗಿ ಬಂದಿರುತ್ತದೆ. ಅದನ್ನು ಚಾಕುವಿನಲ್ಲಿ ಹೆರೆದು ತೆಗೆಯಬೇಕು. ನೀನು ಕಳಿಸಿದ ಸೂಜಿಯಲ್ಲಿ ಕೂದಲಿನಷ್ಟು ತೂತು ಕೊರೆದು ತಂತಿ ಹಾಕಬೇಕು. ಒಂದು ವ್ಯಾಗನ್ನಿಗೆ ಇಪ್ಪತ್ತೆರಡು ತೂತು. ನಾಲ್ಕು ಸೂಜಿ ಮುರಿದೆ, ಬೈಯಬೇಡ. ಹಗುರವಾದ ವ್ಯಾಗನ್ನು ತಿರುವಿನಲ್ಲಿ ಹಳಿ ಬಿಡುತ್ತದೆ ಎಂದು ಹೊಟ್ಟೆಯೊಳಗೆ ಸೀಸದ ತುಂಡು ಅಂಟಿಸಿದೆ. ಸುಣ್ಣ ಸಾಗಿಸುವ ವ್ಯಾಗನ್ನಿಗೆ ನಮ್ಮ ಲ್ಯಾಬಿನ ಪ್ಲಾಸ್ಟರ್ ಪುಡಿ ತುಂಬಿದೆ. ಅದಕ್ಕಿಂತ ಒಳ್ಳೆಯ ಸುಣ್ಣ ಎಲ್ಲಿ ಸಿಗಬೇಕು.

ತುಕ್ಕಿನ ಬಣ್ಣ ಹಚ್ಚುವಾಗ ನಾನು ಉತ್ಸಾಹದಲ್ಲಿ ಮೈಯೆಲ್ಲಾ ಬಳಿದುಬಿಟ್ಟೆ. ಅವರು ಪಕ್ಕದಿಂದ ಮೆಲ್ಲಗೆ, ‘ತುಕ್ಕು ಎಲ್ಲಾ ಕಡೆ ಹಿಡಿಯಲ್ಲ, ನೀರು ನಿಲ್ಲೋ ಕಡೆ ಹಿಡಿಯುತ್ತೆ. ಬಾಗಿಲ ಹತ್ರ ನೋಡಿ, ಅಲ್ಲಿ ಬಣ್ಣ ಸವೆದು ಹೊಳೀಬೇಕು. ಹಮಾಲಿಗಳ ಕೈ ತಾಗೋ ಜಾಗ’ ಅಂದರು. ಎಲ್ಲಾ ಒರೆಸಿ ಮತ್ತೆ ಹಚ್ಚಿದೆ. ಈಗೀಗ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಾರೆ, ಹೋಗಿ, ಬನ್ನಿ, ನೋಡಿ ಎಂದು. ಮದುವೆಯಾಗಿ ನಲವತ್ತು ವರ್ಷ ಆದ ಮೇಲೆ ಹೆಂಡತಿಗೆ ಮರ್ಯಾದೆ ಸಿಕ್ಕಿದೆ. ನಿನ್ನ ಯಜಮಾನರಿಗೂ ಹೇಳು, ಇನ್ನೂ ಕಾಲ ಮಿಂಚಿಲ್ಲ.

ಎಂಜಿನ್ನಿಗೆ ಮೂರು ವಾರ ಹಿಡಿಯಿತು. ಹೊಸದಾಗಿ ಹಾರ್ನು ಕೂರಿಸಿದೆ, ಮುಂದಿನ ಕಂಬಿ, ಕಿಟಕಿಗೆ ಗಾಜು, ಒಳಗೆ ಇಬ್ಬರು ಮನುಷ್ಯರು. ಎಲ್ಲಾ ಮುಗಿಯಿತು ಅಂದುಕೊಂಡರೆ, ‘ಎಡಗಡೆ ದೀಪದ ಕೆಳಗೆ ಒಂದು ತಗ್ಗು ಇರಬೇಕು’ ಅಂದರು. ಹಿಂದೊಮ್ಮೆ ಹಳಿಯ ಮೇಲೆ ಮರ ಬಿದ್ದು ಗುದ್ದಿದ್ದಂತೆ. ಮೇಣದ ಚಾಕು ಕಾಯಿಸಿ, ಉಸಿರು ಹಿಡಿದು ಒತ್ತಿದೆ. ಜೀವಮಾನವೆಲ್ಲಾ ಗೀರು ಅಳಿಸಿದವಳಿಗೆ ಗೀರು ಹಾಕುವುದು ಎಷ್ಟು ಕಷ್ಟ ಗೊತ್ತಾ? ಮೂರು ಸಲ ಕೈ ಹಿಂದಕ್ಕೆ ಬಂತು. ಅವರು ಮಾತ್ರ ಬೆರಳಿನಿಂದ ಆ ತಗ್ಗನ್ನು ಸವರಿ, ‘ಹಾಂ, ಇದೇ’ ಅಂದರು. ಅವತ್ತು ಅವರ ಮುಖ ಗೆಲುವಾಗಿತ್ತು. ನನಗೂ ಗೆಲುವಾಗಬೇಕಿತ್ತು. ಆಗಲಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಕಚ್ಚಿಕೊಂಡರೂ ತಿಳಿಯುವುದಿಲ್ಲವಲ್ಲ, ನನಗೆ ಕೆಲವು ತಿಂಗಳಿಂದ ಹಾಗೇ ಇದೆ. ಪಾತ್ರೆ ತೊಳೆಯುತ್ತೇನೆ, ಔಷಧಿ ಕೊಡುತ್ತೇನೆ, ತೂತು ಕೊರೆಯುತ್ತೇನೆ. ನೋವು ಅಂತ ಹೇಳಲು ನೋವೂ ಇಲ್ಲ.

ಹೋದ ವಾರ ಮಗ ಸೊಸೆ ಬಂದಿದ್ದರು. ಮಗ ಊಟವಾದ ಮೇಲೆ ವಿಷಯಕ್ಕೆ ಬಂದ. ಅವರ ಊರಿನಲ್ಲಿ ಇಂಥವರನ್ನು ನೋಡಿಕೊಳ್ಳುವ ಒಂದು ಮನೆ ಇದೆಯಂತೆ. ತೋಟವಿದೆ, ನರ್ಸುಗಳಿದ್ದಾರೆ. ಹೋಗಿ ನೋಡಿಕೊಂಡೂ ಬಂದಿದ್ದಾನೆ.

‘ಎಷ್ಟು ದಿನ ಅಂತ ಒಬ್ಬಳೇ ಏಗ್ತೀಯಮ್ಮ? ನಿನ್ನ ಮುಖ ನೋಡು ಹೇಗಾಗಿದೆ. ನೀನು ನಮ್ಮ ಜೊತೆ ಇರು, ವಾರಕ್ಕೆರಡು ಸಲ ಹೋಗಿ ನೋಡ್ಕೊಂಡು ಬರೋಣ.’

‘ರೈಲು?’ ಅಂದೆ.

‘ಅಮ್ಮಾ, ರೈಲಿನ ಮಾತಲ್ಲ ನಾನು ಆಡ್ತಿರೋದು.’

ಸೊಸೆ ಅವನ ತೋಳು ಮುಟ್ಟಿ, ‘ಮೊದಲು ಹೋಗಿ ಮಾವನ ಹತ್ರ ಸ್ವಲ್ಪ ಕೂತುಕೊಳ್ಳಿ’ ಅಂದಳು. ಒಳ್ಳೆಯ ಹುಡುಗಿ.

ಅವತ್ತು ಸಂಜೆ ನಾಲ್ಕಕ್ಕೆ ಹನ್ನೊಂದೂ ವ್ಯಾಗನ್ನು ಸೇರಿಸಿ ಮೊದಲ ಸಲ ಗಾಡಿ ಬಿಡುವುದು ಎಂದಿತ್ತು. ಅವರೇ ಒಂದೊಂದಾಗಿ ಕೊಂಡಿ ಮುಟ್ಟಿ ನೋಡಿದರು. ಕೊನೆಯಲ್ಲಿ ಗಾರ್ಡಿನ ಡಬ್ಬಿ. ಕೈ ಎತ್ತಿ ಹಸಿರು ತೋರಿಸಿದ ಮೇಲೆಯೇ ನಾನು ಗುಂಡಿ ತಿರುಗಿಸಬೇಕು. ಗಾಡಿ ಹೊರಟಿತು. ಮಗ ಗೋಡೆಗೆ ಒರಗಿ ನಿಂತಿದ್ದವನು ಮುಂದೆ ಬಂದ, ಬಗ್ಗಿ ನೋಡಿದ. ಚಿಕ್ಕವನಿದ್ದಾಗ ರೈಲ್ವೆ ಗೇಟಿನ ಹತ್ತಿರ ನಿಂತು ಅಪ್ಪನ ಗಾಡಿಗೆ ಕೈ ಬೀಸುತ್ತಿದ್ದವನು ಅವನು. ಮೂರನೆಯ ಸುತ್ತಿನಲ್ಲಿ ತಿರುವಿನಲ್ಲಿ ಏಳನೆಯ ವ್ಯಾಗನ್ನು ಹಳಿ ಬಿಟ್ಟಿತು. ಅವರು ಎತ್ತಿ ಕೂರಿಸಲು ಹೋದರು, ಚಕ್ರ ಹಳಿಗೆ ಕೂರಲಿಲ್ಲ. ಮತ್ತೆ ಹೋದರು, ಮತ್ತೆ ಆಗಲಿಲ್ಲ. ನಾನು ಚಿಮಟದಲ್ಲಿ ಹಿಡಿದು ಕೂರಿಸಿದೆ. ಆಮೇಲೆ ಎರಡು ಮಾತು ಆಯಿತು. ಮಗ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ.

ಗಾಡಿ ಯಾರ್ಡಿಗೆ ಸೇರಿಸಿ ನಾನೂ ಹೋಗಿ ಕೂತೆ.

‘ಅಮ್ಮ, ನಿನಗೆ ಏನೂ ಅನ್ಸಲ್ವಾ?’

‘ಏನನ್ನಿಸಬೇಕಪ್ಪ.’

‘ನನಗೆ ಹೇಳಬೇಕಿತ್ತು ನೀನು.’

‘ಹೇಳಿದ್ದರೆ ನೀನು ಕರ್ಕೊಂಡು ಹೋಗಿಬಿಡ್ತಿದ್ದೆ. ಒಪ್ಪಿಸಿದ ಕೆಲಸ ಇನ್ನೂ ಇದೆ. ಇನ್ನೊಂದು ಎಂಜಿನ್ ಕೊಟ್ಟಿದ್ದಾರೆ.’

ಅವನು ಕಣ್ಣೊರೆಸಿಕೊಂಡು, ‘ವರ್ಷದ ಕೊನೆಯವರೆಗೆ ನೋಡೋಣ’ ಅಂದ. ಬೆಳಗಿನ ಹೊತ್ತಿಗೆ ಒಬ್ಬ ನರ್ಸನ್ನು ಇಡುವುದೆಂದು ಆಗಿದೆ. ಸ್ನಾನ ಮಾಡಿಸಿ, ಬಟ್ಟೆ ಹಾಕಿ, ಒಂಬತ್ತೂವರೆಗೆ ಹೋಗುತ್ತಾಳೆ. ಗಟ್ಟಿ ಹೆಂಗಸು, ಮಾತು ಕಡಿಮೆ. ನನಗೂ ಬೆನ್ನಿಗೆ ಸ್ವಲ್ಪ ಬಿಡುವು. ಅಷ್ಟಾಯಿತು, ಸಾಕು.

ಈಗ ಕೈಯಲ್ಲಿರುವುದು ಹಳೆಯ ಶಂಟಿಂಗ್ ಎಂಜಿನ್ನು, ಯಾರ್ಡಿನಲ್ಲಿ ವ್ಯಾಗನ್ನುಗಳನ್ನು ಅತ್ತಿತ್ತ ಎಳೆಯುವಂಥದ್ದು. ಇದರ ಮೆಟ್ಟಿಲಿಗೆ ಜಾಲರಿ ಬೇಕು. ಟೀ ಸೋಸುವ ಜರಡಿ ಕತ್ತರಿಸಿ ನೋಡಿದೆ, ದಪ್ಪವಾಯಿತು. ನಿನಗೇನಾದರೂ ಹೊಳೆದರೆ ಬರೆ. ಸೂಜಿ ಇನ್ನು ಕಳಿಸಬೇಡ, ಇರುವುದು ಸಾಕು.

ನಿನ್ನ ಮಂಡಿಗೆ ಬಲ ಬರಲಿ, ನಿನ್ನ ಬಾಯಿಗೆ ಯಾರೂ ಬೀಗ ಹಾಕದಿರಲಿ. ಮೊಮ್ಮಗಳ ಕೆನ್ನೆಗೆ ನನ್ನದೊಂದು ಮುತ್ತು. ಎಲ್ಲರೂ ತಣ್ಣಗಿರಿ.

ನಿನ್ನ,
ಪಾಲಿಶ್

ಇನ್ನೊಂದು ಮಾತು. ಬರೆಯಬಾರದು ಅಂದುಕೊಂಡೇ ಇಷ್ಟೆಲ್ಲಾ ಬರೆದೆ. ಕವರಿಗೆ ಹಾಕಿ ಮತ್ತೆ ತೆಗೆದೆ.

ಮಗನ ಎದುರು ಆದ ಎರಡು ಮಾತು ಏನೆಂದು ಹೇಳಲಿಲ್ಲವಲ್ಲ. ನಾನು ವ್ಯಾಗನ್ನು ಕೂರಿಸಿದ ಮೇಲೆ ಅವರು, ‘ಥ್ಯಾಂಕ್ಸ್ ಮೇಡಂ’ ಅಂದರು. ಆಮೇಲೆ ಮಗನ ಹೆಗಲ ಮೇಲೆ ಕೈಯಿಟ್ಟು ನನಗೆ ಪರಿಚಯ ಮಾಡಿಕೊಟ್ಟರು. ‘ಮೇಡಂ, ಇವನು ನನ್ನ ಮಗ. ಇವರು ವರ್ಕ್‌ಶಾಪಿಂದ ಬರ್ತಾರೆ ಕಣೋ, ಒಳ್ಳೇ ಕೈ.’

ಜುಲೈಯಿಂದಲೂ ಹೀಗೇ. ಅಡುಗೆಮನೆಯಲ್ಲಿರುವವಳು ಯಾರೆಂದು ಅವರು ಕೇಳಿಲ್ಲ, ನಾನೂ ಹೇಳಿಲ್ಲ. ಮೊದಲು ಒಂದೆರಡು ಸಲ ತಿದ್ದಿದೆ. ಹೆದರಿ ಗೋಡೆಯ ಕಡೆ ಸರಿದರು. ಆಮೇಲೆ ಬಿಟ್ಟೆ.

ನಿನ್ನೆ ತಂತಿ ಬಗ್ಗಿಸುತ್ತಿದ್ದೆ. ‘ನಿಮಗೆ ಮದುವೆ ಆಗಿದೆಯಾ ಮೇಡಂ?’ ಎಂದು ಕೇಳಿದರು. ಆಗಿದೆ ಅಂದೆ. ‘ನಿಮಗೆ?’ ಎಂದು ಕೇಳಿಬಿಟ್ಟೆ. ಯಾಕೆ ಕೇಳಿದೆನೋ.

‘ಆಗಿತ್ತು. ಅವಳು ಹೋಗಿ ತುಂಬಾ ವರ್ಷ ಆಯ್ತು’ ಅಂದರು.

‘ಹೇಗಿದ್ರು ಅವರು?’

ಭೂತಗನ್ನಡಿ ಕೆಳಗಿಟ್ಟರು. ‘ಒಳ್ಳೆಯವಳು. ಹಲ್ಲು ಮಾಡೋ ಕೆಲಸಕ್ಕೆ ಹೋಗ್ತಿದ್ಲು. ಒಂದು ದಿನ ಒಳಗೆ ಬಂದು ಕೂತ್ಕೋ ಅಂತ ಹೇಳಬೇಕು ಅಂತಿದ್ದೆ. ಹೇಳೋಕೆ ಮುಂಚೆ ಹೋಗಿಬಿಟ್ಳು.’

‘ಪಾಪ’ ಅಂದೆ ನಾನು. ಯಾರಿಗೆ ಅಂದೆನೋ ಗೊತ್ತಿಲ್ಲ.